ಮಳೆಗಾಲದಲ್ಲಿ ಸೂಪರ್‌ಮ್ಯಾನ್ ಒಣಗುವುದಿಲ್ಲ

ಹಲ್ಕ್ ಹುಟ್ಟುವಾಗ ಹಸಿರಾಗಿರಲಿಲ್ಲ. 1962ರಲ್ಲಿ ಬಂದ ಅವನ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಅವನದು ಬೂದು ಮೈ. ಆಗಿನ ಅಗ್ಗದ ಮುದ್ರಣದಲ್ಲಿ ಆ ಬೂದು ಒಂದೊಂದು ಪುಟದಲ್ಲಿ ಒಂದೊಂದು ಥರ ಬಂತು. ಒಂದು ಕಡೆ ತಿಳಿ, ಇನ್ನೊಂದು ಕಡೆ ಹೆಚ್ಚುಕಮ್ಮಿ ಕಪ್ಪು. ಈ ರಗಳೆಯೇ ಬೇಡ ಅಂತ ಎರಡನೇ ಸಂಚಿಕೆಗೆ ಹಸಿರು ಮಾಡಿಬಿಟ್ಟರು. ಹಳೆಯ ಸೂಪರ್‌ಹೀರೋಗಳು ಕಣ್ಣಿಗೆ ಹೊಡೆಯುವ ಕೆಂಪು, ನೀಲಿ, ಹಳದಿಯಲ್ಲಿ ಮೆರೆದದ್ದಕ್ಕೂ ಒರಟು ನ್ಯೂಸ್‌ಪ್ರಿಂಟ್ ಕಾಗದಕ್ಕೂ ನಂಟಿದೆ. ನಯವಾದ ಛಾಯೆಗಳು ಅದರ ಮೇಲೆ ನಿಲ್ಲುತ್ತಿರಲಿಲ್ಲ.

ಹಾಗಾಗಿ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಮಕ್ಕಳ ಬಣ್ಣದ ಡಬ್ಬಿಯಲ್ಲಿ ಕಾಮಿಕ್ಸ್ ಪಾತ್ರ ಬರೆಯೋಕೆ ಯಾವ ಸಂಕೋಚವೂ ಬೇಡ. ಅವು ಅಗ್ಗದ ಸಾಮಾನಿನಲ್ಲೇ ಹುಟ್ಟಿ ಬೆಳೆದವು. ಆದರೆ ಅಗ್ಗದ ಬಣ್ಣದ ಗುಣ ಏನು, ನಮ್ಮ ಮಲೆನಾಡಿನ ಥಂಡಿ ಗಾಳಿ ಅದನ್ನು ಏನು ಮಾಡುತ್ತದೆ ಅನ್ನೋದು ಗೊತ್ತಿದ್ದರೆ ಕೆಲಸ ಸಲೀಸು.

ಬಣ್ಣದ ಬಿಲ್ಲೆಯಲ್ಲಿ ಮುಖ್ಯವಾಗಿ ಎರಡಿರುತ್ತವೆ: ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು. ಒಳ್ಳೆಯ ಜಲವರ್ಣದಲ್ಲಿ ಆ ಅಂಟು ಗಮ್ ಅರೇಬಿಕ್, ಆಫ್ರಿಕಾದ ಅಕೇಶಿಯಾ ಮರದ್ದು. (ನಮ್ಮ ಗುಡ್ಡಗಳಲ್ಲಿ ಸಾಲಾಗಿ ನೆಟ್ಟ ಅಕೇಶಿಯಾ ಬೇರೆ ಜಾತಿ. ಅದರ ಮೇಲಿನ ಸಿಟ್ಟನ್ನು ಇದರ ಮೇಲೆ ತೀರಿಸಬೇಡಿ.) ಅಗ್ಗದ ಬಿಲ್ಲೆಯಲ್ಲಿ ಬಣ್ಣದ ಪುಡಿ ಕಮ್ಮಿ, ಸೀಮೆಸುಣ್ಣದಂಥ ಬಿಳಿ ಪುಡಿ ಜಾಸ್ತಿ. ತೊಂದರೆ ಇರೋದು ಇಲ್ಲೇ. ಜಲವರ್ಣದಲ್ಲಿ ಬೆಳಕು ಬಣ್ಣದ ಪದರ ದಾಟಿ, ಬಿಳಿ ಕಾಗದಕ್ಕೆ ಬಡಿದು, ಅದೇ ಪದರದಿಂದ ಹೊರಬಂದು ಕಣ್ಣು ಸೇರುತ್ತದೆ. ನಡುವೆ ಬಿಳಿ ಪುಡಿ ತುಂಬಿದ್ದರೆ ಬೆಳಕು ಅಲ್ಲಲ್ಲೇ ಚದುರಿ ಚಿತ್ರ ಮಂಕಾಗುತ್ತದೆ. ಪದರದ ಮೇಲೆ ಪದರ ಬಳಿದಷ್ಟೂ ಮಂಕು. ಸ್ಪೈಡರ್‌ಮ್ಯಾನ್‌ನ ಕೆಂಪನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ, ಒಂದೇ ಸಲ ಹಚ್ಚಿ, ಕೈ ತೆಗೆದುಬಿಡಿ.

ಖರ್ಚು ಮಾಡೋದಾದರೆ ಕಾಗದಕ್ಕೆ ಮಾಡಿ. ನೀರು ಕುಡಿದ ಕಾಗದದ ನಾರು ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಉಬ್ಬುತ್ತದೆ. ಚದರ ಮೀಟರಿಗೆ 75 ಗ್ರಾಂ ತೂಗುವ ಝೆರಾಕ್ಸ್ ಹಾಳೆ ಅದಕ್ಕೇ ಸುಕ್ಕಾಗುತ್ತದೆ. 300 ಗ್ರಾಮಿನ ಒಂದು ದಪ್ಪ ಹಾಳೆ ತಂದು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಕೊಂಡರೆ ಬಹಳ ದಿನ ಬರುತ್ತದೆ. ಮಳೆಗಾಲದಲ್ಲಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ. ಬಣ್ಣ ಒಳಗಿಳಿಯದಂತೆ ಕಾಗದಕ್ಕೆ ಹಾಕಿದ ಸರೇಸು, ಗಂಜಿ ಅಂದ್ರೆ ಬೂಷ್ಟಿಗೆ ಹಬ್ಬದೂಟ.

ಇನ್ನು ಒಣಗುವ ವಿಷಯ. ಮೇಜಿನ ಮೇಲೆ ಬಿದ್ದ ಕಾಫಿ ಹನಿ ಒಣಗಿದಾಗ ನಡುವೆ ತಿಳಿಯಾಗಿ, ಅಂಚಿನಲ್ಲಿ ಕಡುಕಂದು ಬಳೆ ಉಳಿಯುತ್ತದಲ್ವಾ? ಅದು ಯಾಕೆ ಅಂತ ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಜಗ್ಗುವುದಿಲ್ಲ. ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತದೆ, ಹೋಗುವಾಗ ಕಣಗಳನ್ನೂ ಎಳೆದೊಯ್ಯುತ್ತದೆ. ಜಲವರ್ಣದಲ್ಲೂ ಹೀಗೆಯೇ. ಕಾಮಿಕ್ಸ್‌ಗೆ ಇದು ಪುಕ್ಕಟೆ ಸಿಗುವ ಗೆರೆ. ಕಾಗದವನ್ನು ಸಮತಟ್ಟಾಗಿಟ್ಟು, ಪಾತ್ರದ ಕೈಕಾಲುಗಳ ಮೇಲೆ ಬಣ್ಣದ ನೀರನ್ನು ಸ್ವಲ್ಪ ಧಾರಾಳವಾಗಿಯೇ ನಿಲ್ಲಿಸಿ, ಮುಟ್ಟದೆ ಬಿಡಿ. ಒಣಗಿದ ಮೇಲೆ ಅಂಚಿನಲ್ಲಿ ತಾನಾಗಿ ಕಡು ಗೆರೆ ಮೂಡಿರುತ್ತದೆ.

ಆದರೆ ಎಷ್ಟು ಹೊತ್ತು ಬಿಡಬೇಕು? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆಷಾಢದಲ್ಲಿ ಗಾಳಿಯೇ ನೀರು ಕುಡಿದು ಕೂತಿರುವಾಗ ಕಾಗದದ ನೀರು ಹೋಗೋದೆಲ್ಲಿಗೆ? ಮಾರ್ಚ್‌ನಲ್ಲಿ ನೋಡನೋಡುತ್ತಲೇ ಒಣಗುವ ಬಣ್ಣ ಜುಲೈನಲ್ಲಿ ಊಟ ಮುಗಿಸಿ ಬಂದರೂ ಹಸಿಯಾಗಿಯೇ ಇರುತ್ತದೆ. ಹಸಿ ಕೆಂಪಿನ ಪಕ್ಕ ಹಸಿ ನೀಲಿ ಇಟ್ಟರೆ ಸೂಪರ್‌ಮ್ಯಾನ್ ಎದೆಯವರೆಗೆ ನೇರಳೆ. ಹೇರ್ ಡ್ರೈಯರ್ ಹಿಡಿದರೆ ನಿಂತ ನೀರು ಕದಡಿ ಅಂಚಿನ ಆ ಕಡು ಗೆರೆ ಕೆಡುತ್ತದೆ. ಎರಡು ಬಣ್ಣಗಳ ನಡುವೆ ಕೂದಲೆಳೆಯಷ್ಟು ಒಣ ಕಾಗದ ಬಿಡುವುದೇ ಸರಿಯಾದ ದಾರಿ. ಬಣ್ಣ ಆ ಒಣ ಗೆರೆಯನ್ನು ದಾಟುವುದಿಲ್ಲ, ನೋಡೋಕೆ ಬೆಳಕಿನ ಮಿಂಚಿನ ಹಾಗೆ ಚೆನ್ನಾಗಿಯೂ ಕಾಣುತ್ತದೆ. ಇನ್ನೂ ಖುಷಿ ಬೇಕಾದರೆ ಸೂಪರ್‌ಮ್ಯಾನ್‌ಗೆ ಮಳೆಗೆ ಹಾಕುವ ಗೊರಬು ಒಂದನ್ನು ಹೊದಿಸಿ, ಕೆಂಪು ಶಾಲನ್ನು ಒಲೆ ಮೇಲಿನ ಅಟ್ಟಕ್ಕೆ ನೇತುಹಾಕಿ.

ಉಪ್ಪಿನ ಕಥೆ ಇನ್ನೂ ಮಜಾ. ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿದರೆ ಪ್ರತಿ ಹರಳೂ ಸುತ್ತಲಿನ ನೀರನ್ನು ಎಳೆದುಕೊಂಡು ನಕ್ಷತ್ರದಂಥ ಗುರುತು ಬಿಡುತ್ತದೆ. ಗುದ್ದಾಟದ ಚಿತ್ರದ ಹಿಂದೆ 'ಢಿಶುಂ' ತೋರಿಸಲು ಹೇಳಿ ಮಾಡಿಸಿದ್ದು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಇದು ಕೈಕೊಡುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 75% ದಾಟಿದರೆ ಉಪ್ಪು ಗಾಳಿಯಿಂದಲೇ ನೀರೆಳೆದು ಕರಗತೊಡಗುತ್ತದೆ. ಡಬ್ಬಿಯಲ್ಲೇ ಹೊಟ್ಟೆತುಂಬಾ ನೀರು ಕುಡಿದ ಹರಳು ಚಿತ್ರದಲ್ಲಿ ಇನ್ನೇನು ಕುಡಿದೀತು! ಕಲ್ಲುಪ್ಪನ್ನು ಕಾವಲಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಆರಿದ ಕೂಡಲೇ ಬಳಸಿ. ಕೆಲಸ ಮುಗಿದ ಮೇಲೆ ಒಂದು ಹರಳೂ ಉಳಿಯದಂತೆ ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಚಿತ್ರ ಪ್ರತಿ ಮಳೆಗೂ ಬೆವರುತ್ತದೆ.

ಚಾಚಾ ಚೌಧರಿಯ ಬಿಳಿ ಮೀಸೆಗೆ ಮೇಣದಬತ್ತಿ ಸಾಕು. ಮೊದಲೇ ಮೀಸೆಯ ಜಾಗಕ್ಕೆ ಉಜ್ಜಿ, ಮೇಲೆ ಮುಖದ ಬಣ್ಣ ಬಳಿಯಿರಿ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ. ಗೆರೆಗೆ ಬಾಲ್ ಪೆನ್ನು ಒಳ್ಳೆಯದು, ಅದರ ಶಾಯಿ ನೀರಿನಲ್ಲಿ ಅಷ್ಟಾಗಿ ಹರಡದು. ಸ್ಕೆಚ್ ಪೆನ್ನು ಹರಡುತ್ತದೆ, ಕಪ್ಪು ಗೆರೆಗೆ ನೀರು ತಾಗಿಸಿದರೆ ಅದರೊಳಗಿನ ನೀಲಿ, ನೇರಳೆ ಬೇರೆ ಬೇರೆಯಾಗಿ ಹೊರಬರುತ್ತವೆ. ಬ್ಯಾಟ್‌ಮ್ಯಾನ್‌ನ ನೆರಳಿಗೆ ಇದನ್ನು ಬೇಕಂತಲೇ ಮಾಡಬಹುದು.

ಬ್ಯಾಟ್‌ಮ್ಯಾನ್‌ಗೆ ಇನ್ನೊಂದು ಕಪ್ಪು ತೀರ್ಥಹಳ್ಳಿ, ಸಾಗರದ ಕಡೆಯ ಅಡಿಕೆ ಮನೆಗಳಲ್ಲೇ ಇದೆ. ಸುಲಿದ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಟ್ಯಾನಿನ್ ಅನ್ನುವ ಒಗರಿನ ವಸ್ತು ತುಂಬಿದ ಕೆಂಗಂದು ನೀರು. ಹಾಗೇ ತೆಳುವಾಗಿ ಬಳಿದರೆ ಮೈಬಣ್ಣ, ಮರ, ಮಣ್ಣು ಎಲ್ಲಕ್ಕೂ ಆಗುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿ, ಆ ನೀರನ್ನು ಒಣಗಿದ ಚೊಗರಿನ ಮೇಲೆ ಕುಂಚದಲ್ಲಿ ಎಳೆಯಿರಿ. ಕಬ್ಬಿಣ ಮತ್ತು ಟ್ಯಾನಿನ್ ಸೇರಿ ಕಂದು ಕಪ್ಪಿಗೆ ತಿರುಗುತ್ತದೆ, ಗಾಳಿಯ ಆಮ್ಲಜನಕ ತಾಗುತ್ತಾ ಇನ್ನಷ್ಟು ಗಾಢವಾಗುತ್ತದೆ. ಶತಮಾನಗಳ ಕಾಲ ಯುರೋಪಿನಲ್ಲಿ ಬರೆಯಲು ಬಳಸಿದ ಶಾಯಿಯ ರಸಾಯನವೂ ಇದೇ. ಆಮ್ಲ ಇರುವುದರಿಂದ ವರ್ಷಗಳು ಕಳೆದಂತೆ ಅದು ಕಾಗದವನ್ನೇ ತಿನ್ನುತ್ತದೆ, ತುಂಬಾ ಇಷ್ಟದ ಚಿತ್ರಕ್ಕೆ ಬೇಡ. ಮತ್ತೆ ಆ ಬಾಟಲಿಯನ್ನು ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ. ಮಲೆನಾಡಿನ ಮನೆಗಳಲ್ಲಿ ಕಂದು ನೀರು ಕಂಡರೆ ಕಷಾಯ ಅಂತ ಬಿಸಿ ಮಾಡಿಬಿಡುತ್ತಾರೆ.