ಓದುಗರ ಪ್ರಶ್ನೆ: ಲೇಸರ್‌ನಲ್ಲಿ ತುಂಬಿಸಿದ ಶಾಫ್ಟ್ ಸಿಪ್ಪೆ ಏಳುವುದಿಲ್ಲವೇ?

"ಸರ್, ಪಂಪ್ ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ಅರ್ಧ ಮಿಲಿಮೀಟರ್ ಸವೆದಿದೆ. ಲೇಸರ್‌ನಲ್ಲಿ ಲೋಹ ತುಂಬಿಸಿದರೆ ನಿಲ್ಲುತ್ತದಾ, ಇಲ್ಲಾ ನಾಲ್ಕು ದಿನಕ್ಕೆ ಸಿಪ್ಪೆ ಏಳುತ್ತದಾ?"

ಶಾಫ್ಟ್ ಎಂಬಲ್ಲಿ ರೋಲರ್, ಅಚ್ಚು, ವಾಲ್ವ್ ಎಂದು ತಿದ್ದಿ ಇದನ್ನೇ ಕೇಳುವವರು ಬಹಳ. ನಿಲ್ಲುತ್ತದೆ. ಕೆಲಸ ಸರಿಯಾಗಿದ್ದರೆ ಸಿಪ್ಪೆ ಏಳುವ ಮಾತೇ ಇಲ್ಲ.

ಈ ಭಯ ಬಂದಿರುವುದು ಮೆಟಲ್ ಸ್ಪ್ರೇಯಿಂದ. ಅಲ್ಲಿ ಬಿಸಿ ಲೋಹದ ಹನಿಗಳು ಒರಟು ಮಾಡಿದ ಮೇಲ್ಮೈಗೆ ಬಡಿದು ಕಚ್ಚಿಕೊಳ್ಳುತ್ತವೆ, ತಳದ ಉಕ್ಕು ಕರಗುವುದಿಲ್ಲ. ಆ ಪದರದ ಹಿಡಿತವನ್ನು ಅಂಟು ಹಚ್ಚಿ ಎಳೆದು ಅಳೆಯುತ್ತಾರೆ. 70–80 ಮೆಗಾಪಾಸ್ಕಲ್ ಹೊತ್ತಿಗೆ ಅಂಟೇ ಕೈಕೊಡುತ್ತದೆ. ಲೇಸರ್ ಪದರ ಬಿಡುವ ಮೊದಲೇ ಅಂಟು ಬಿಡುವುದರಿಂದ ಅದಕ್ಕೆ ಈ ಪರೀಕ್ಷೆ ಯಾವ ಪ್ರಯೋಜನಕ್ಕೂ ಇಲ್ಲ. ಗೋಡೆಗೆ ಸುಣ್ಣ ಬಳಿದಂತೆ ಲೇಸರ್ ಪದರವೂ ಮೇಲೆ ಕೂತಿರುತ್ತದೆ ಅಂದುಕೊಂಡವರು ಇಲ್ಲೇ ಎಡವುವುದು.

ಲೇಸರ್ ಮೊದಲು ಶಾಫ್ಟಿನ ಮೈಯಲ್ಲೇ ಒಂದು ಪುಟ್ಟ ಕೊಳ ಕರಗಿಸುತ್ತದೆ. ನಳಿಕೆಯಿಂದ ಆರ್ಗಾನ್ ಅನಿಲದ ಜೊತೆ ಬರುವ 50ರಿಂದ 150 ಮೈಕ್ರಾನ್ ಗಾತ್ರದ ಲೋಹದ ಪುಡಿ ಆ ಕೊಳಕ್ಕೆ ಬಿದ್ದು ಕರಗಿ, ಎರಡೂ ಒಟ್ಟಿಗೆ ಗಟ್ಟಿಯಾಗುತ್ತವೆ. ಹಾಗಾದರೆ ವೆಲ್ಡಿಂಗೇ ಅಲ್ಲವೇ? ಹೌದು, ಆದರೆ ಶಾಖ ತುಂಬಾ ಕಡಿಮೆ. ಆರ್ಕ್ ವೆಲ್ಡಿಂಗಿನ ಪದರದಲ್ಲಿ ತಳದ ಉಕ್ಕು ಶೇ. 20 ಬೆರೆಯುವುದು ಮಾಮೂಲು, ಇಲ್ಲಿ ಶೇ. 5ರ ಆಸುಪಾಸಿಗೆ ಹಿಡಿದಿಡಬಹುದು. ಶಾಫ್ಟ್ ಬಾಗುವುದೂ ಅಷ್ಟೇ ಕಡಿಮೆ.

ನಂಬಿಕೆ ಬರದಿದ್ದರೆ ಒಂದು ತುಂಡನ್ನು ಅಡ್ಡ ಕೊಯ್ದು, ಪಾಲಿಶ್ ಮಾಡಿ, ನೈಟಾಲ್ (ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿಸಿ ನೋಡಿ. ತಳದ ಉಕ್ಕು ಕಪ್ಪಾಗುತ್ತದೆ, ಮೇಲೆ ತುಂಬಿಸಿದ್ದು ಸ್ಟೇನ್‌ಲೆಸ್ ಆದರೆ ಆ ಪದರ ಬೆಳ್ಳಗೇ ಉಳಿಯುತ್ತದೆ. ಗಡಿಯುದ್ದಕ್ಕೂ ಸಂದು ಹುಡುಕಿ, ಸಿಗುವುದಿಲ್ಲ. ಸ್ಪ್ರೇ ಮಾಡಿದ ತುಂಡಿನಲ್ಲಾದರೆ ಅದೇ ಗಡಿಯಲ್ಲಿ ಮೈ ಒರಟು ಮಾಡಲು ರಭಸದಿಂದ ಬಡಿದ (ಬ್ಲಾಸ್ಟಿಂಗ್) ಮರಳಿನ ಕಣಗಳು ಸಿಕ್ಕಿಕೊಂಡಿರುವುದೂ ಕಾಣಬಹುದು.

ಹೆದರಬೇಕಾದದ್ದು ಬಿರುಕಿಗೆ. ಇಎನ್-24ರಂಥ ಶೇ. 0.4 ಇಂಗಾಲದ ಉಕ್ಕಿನಲ್ಲಿ ಪದರದ ಕೆಳಗಿನ ತೆಳು ಪಟ್ಟಿ ಬಿಸಿಯಾಗಿ ತಟ್ಟನೆ ತಣಿದು ಪೆಡಸಾಗುತ್ತದೆ. ಮೊದಲೇ 250–300 ಡಿಗ್ರಿಗೆ ಬಿಸಿ ಮಾಡದಿದ್ದರೆ ಬಿರುಕು ಹುಟ್ಟುವುದು ಅಲ್ಲೇ. ಹಳೆಯ ಗೀರು, ತುಕ್ಕುಗಳನ್ನು ಲೇತ್‌ನಲ್ಲಿ ತೆಗೆಯದೆ ಮೇಲೆ ಲೋಹ ಹಾಕಿಸಿದರೂ ಕೆಟ್ಟಿತು. ಆಮೇಲೆ "ಲೇಸರ್ ಸರಿಯಿಲ್ಲ" ಅನ್ನುತ್ತೀರಿ!

ಯಾರೂ ಕೇಳದ ಇನ್ನೊಂದು: ತುಂಬಿಸುವಾಗ ಅದೇ ಲೋಹವೇ ಆಗಬೇಕೇ? ಬೇಕಿಲ್ಲ. ನನಗೆ ಈ ಕೆಲಸದಲ್ಲಿ ಇಷ್ಟವಾಗುವುದೇ ಇದು. ಶಾಫ್ಟ್ ಇಎನ್-24 ಆಗಿದ್ದರೂ ಬೇರಿಂಗ್ ಕೂರುವಲ್ಲಿ 431 ಸ್ಟೇನ್‌ಲೆಸ್ ಹಾಕಿಸಬಹುದು. ಉಪ್ಪುನೀರಿದ್ದರೆ ಇಂಕೊನೆಲ್ 625 ಎಂಬ ನಿಕ್ಕಲ್ ಮಿಶ್ರಲೋಹ, ಬಿಸಿ ವಾಲ್ವಿಗೆ ಸ್ಟೆಲೈಟ್ 6 ಎಂಬ ಕೋಬಾಲ್ಟ್ ಮಿಶ್ರಲೋಹ. ಮರಳು ಮಿಶ್ರಿತ ನೀರಿಗೆ ನಿಕ್ಕಲ್ ಜೊತೆ ಟಂಗ್‌ಸ್ಟನ್ ಕಾರ್ಬೈಡ್ ಚೆನ್ನ. ಆದರೆ ಪದರವನ್ನು ಅಳತೆಗಿಂತ ದಪ್ಪ ಹಾಕಿ ಆಮೇಲೆ ಗ್ರೈಂಡ್ ಮಾಡಲೇಬೇಕು, ಕಾರ್ಬೈಡನ್ನು ಮಾಮೂಲಿ ಅಲ್ಯುಮಿನಾ ವ್ಹೀಲ್ ತಿನ್ನುವುದಿಲ್ಲ. ಆರ್ಡರ್ ಕೊಡುವ ಮೊದಲು ನಿಮ್ಮ ಗ್ರೈಂಡಿಂಗ್‌ನವರ ಹತ್ತಿರ ಡೈಮಂಡ್ ವ್ಹೀಲ್ ಇದೆಯಾ ಕೇಳಿ.