ಲಾಗೋಸ್‌ನಲ್ಲಿ ಬಾಡಿಗೆ: ಬೀಗದ ಕೈಗೂ ಮೊದಲು ವರ್ಷದ ದುಡ್ಡು

ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ಬಾಡಿಗೆ ಮಾತ್ರ ವರ್ಷದ್ದನ್ನು ಒಮ್ಮೆಗೇ ಎಣಿಸಬೇಕು. ನೈಜೀರಿಯಾದ ಲಾಗೋಸ್‌ನಲ್ಲಿ ಮನೆ ಹುಡುಕುವವರ ಗೋಳು ಇದೇ. ವರ್ಷಕ್ಕೆ 6 ಲಕ್ಷ ನೈರಾ ಬಾಡಿಗೆ ಅಂದುಕೊಳ್ಳಿ. ಏಜೆಂಟ್‌ಗೆ ನೂರಕ್ಕೆ 10ರಂತೆ 60 ಸಾವಿರ. ಕರಾರು ಪತ್ರದ ಹೆಸರಲ್ಲಿ ಇನ್ನೊಂದು 60 ಸಾವಿರ. ನಲ್ಲಿ, ಗೋಡೆ ಹಾಳಾದರೆ ಇರಲಿ ಅಂತ ‘ಕಾಷನ್ ಫೀ’ ಬೇರೆ. ಆ 6 ಲಕ್ಷ ವಾಪಸ್ ಬರುವ ಅಡ್ವಾನ್ಸ್ ಅಲ್ಲ, ಬಾಡಿಗೆಯೇ. ಎರಡು ವರ್ಷದ್ದು ಕೇಳುವ ಮಾಲೀಕರೂ ಇದ್ದಾರೆ.

ಮನೆ ಸಾಲದೆ ಇರುವುದು ಇಲ್ಲಿ ಹಳೇ ಕತೆ. 1920ರ ದಶಕದಲ್ಲಿ ಊರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಕೇರಿಗಳನ್ನು ಸರಿಮಾಡಲು ಬ್ರಿಟಿಷರು 1928ರಲ್ಲಿ ಒಂದು ಮಂಡಳಿ ಮಾಡಿದರು. ಅದು 1950ರ ದಶಕದಲ್ಲಿ ಲಾಗೋಸ್ ದ್ವೀಪದ ನಡುಭಾಗದ ಮನೆಗಳನ್ನು ಕೆಡವಿಸಿ, ಎಷ್ಟೋ ಜನರನ್ನು ದ್ವೀಪದ ಆಚೆ ಇರುವ ಸುರುಲೆರೆ ಬಡಾವಣೆಗೆ ಸಾಗಿಸಿತು.

ಆಮೇಲೆ ಪೆಟ್ರೋಲಿಯಂ ದುಡ್ಡು ಹರಿಯಿತು, ಅದರ ಹಿಂದೆ ಜನ. ಬಡವರ ಪಾಲಿಗೆ ಇದ್ದದ್ದು ‘ಫೇಸ್ ಮಿ ಐ ಫೇಸ್ ಯು’ (ನೀ ನನ್ನೆದುರು, ನಾ ನಿನ್ನೆದುರು) ಮನೆ. ನಮ್ಮ ವಠಾರದ ದೂರದ ನೆಂಟ ಅನ್ನಬಹುದು. ನಡುವೆ ಉದ್ದನೆ ಓಣಿ, ಎರಡೂ ಕಡೆ ಎದುರುಬದುರು ಬಾಗಿಲು, ಕೋಣೆಗೊಂದು ಸಂಸಾರ. ಅಡುಗೆಮನೆ, ಕಕ್ಕಸು ಎಲ್ಲರಿಗೂ ಸೇರಿ. ಹೆಸರಿಟ್ಟವರು ಯಾರೋ, ಜಾಣರೇ.

ಸರ್ಕಾರ ಏನೂ ಮಾಡಲಿಲ್ಲ ಅನ್ನುವಂತಿಲ್ಲ. 1979ರಿಂದ 1983ರವರೆಗೆ ಲಾಗೋಸ್ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದಂತೆ) ಆಗಿದ್ದ ಲತೀಫ್ ಜಕಾಂಡೆ ಕಡಿಮೆ ಬೆಲೆಯ ಸಾವಿರಾರು ಮನೆ ಕಟ್ಟಿಸಿದರು. ಅವು ಇವತ್ತಿಗೂ ‘ಜಕಾಂಡೆ ಎಸ್ಟೇಟ್’. ಅಷ್ಟರಲ್ಲಿ ಸೇನೆ ಅಧಿಕಾರ ಹಿಡಿಯಿತು. 1990ರ ಜುಲೈನಲ್ಲಿ ವಿಕ್ಟೋರಿಯಾ ಐಲ್ಯಾಂಡ್ ಪಕ್ಕದ ಮರೋಕೊ ಕೇರಿಯನ್ನು ಸೇನಾ ಸರ್ಕಾರದವರು ಬುಲ್ಡೋಜರ್ ತಂದು ನೆಲಸಮ ಮಾಡಿದರು. ಸುಮಾರು 3 ಲಕ್ಷ ಜನ ಬೀದಿಗೆ ಬಿದ್ದರು. ಅದೇ ಜಾಗದಲ್ಲಿ ಈಗ ದುಡ್ಡಿದ್ದವರ ಮನೆಗಳಿವೆ.

2011ರಲ್ಲಿ ಗವರ್ನರ್ ಬಾಬಾತುಂಡೆ ಫಶೋಲಾ ಬಾಡಿಗೆ ಕಾನೂನು ತಂದರು. ಹೊಸ ಬಾಡಿಗೆದಾರರಿಂದ ಒಂದು ವರ್ಷಕ್ಕಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ. ಇಕೋಯಿ, ವಿಕ್ಟೋರಿಯಾ ಐಲ್ಯಾಂಡ್, ಅಪಾಪಾ, ಇಕೆಜಾದ ಜಿಆರ್‌ಎ (ಬ್ರಿಟಿಷರ ಕಾಲದ ಸರ್ಕಾರಿ ವಸತಿ ಪ್ರದೇಶ) ಬಡಾವಣೆಗೆ ಮಾತ್ರ ಈ ಕಾನೂನು ಅನ್ವಯಿಸುವುದಿಲ್ಲ. ಮೀರಿದರೆ 1 ಲಕ್ಷ ನೈರಾ ದಂಡ ಅಥವಾ ಮೂರು ತಿಂಗಳು ಜೈಲು. ಆದರೆ ತಪ್ಪು ತೆಗೆದುಕೊಂಡವರದ್ದಷ್ಟೇ ಅಲ್ಲ, ಕೊಟ್ಟವರದ್ದೂ ಹೌದು. ಎರಡು ವರ್ಷದ ದುಡ್ಡು ಕಟ್ಟಿ ಮನೆ ಸೇರಿದವರು ದೂರು ಕೊಡಲು ಹೋದರೆ, ತಮ್ಮ ಮೇಲೂ ತಾವೇ ದೂರು ಕೊಟ್ಟಂತೆ.