ಜೀರಿಗೆಯ ಮೇಲೆ ಅನುಮಾನ, ಗುಳಿಗೆಯ ಮೇಲೆ ನಂಬಿಕೆ

ಕಳೆದ ವರ್ಷ ದೀಪಾವಳಿಗೆ ಮುಂಬೈ ಹತ್ತಿರದ ಡೊಂಬಿವಲಿಯ ಚಿಕ್ಕಮ್ಮನ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಕಾಣಲಿಲ್ಲ. ಏಳು ಬಟ್ಟಲಿನ ಆ ಸ್ಟೀಲ್ ಡಬ್ಬಿ ಅವಳ ಮದುವೆಯಲ್ಲಿ ಕುಂದಾಪುರದಿಂದ ಬಂದದ್ದು. ಅದೀಗ ಅಟ್ಟ ಸೇರಿತ್ತು. ತಟ್ಟೆಯಲ್ಲಿ ಅನ್ನ, ಹಾಲು, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ. ಅಷ್ಟೇ.

"ನಂಗೆ ಸ್ಯಾಲಿಸಿಲೇಟ್ ಆಗೂದಿಲ್ವಂತೆ ಮಗಾ. ಅರಿಶಿನ, ಜೀರಿಗೆ, ಟೊಮೆಟೊ, ದ್ರಾಕ್ಷಿ ಎಲ್ಲಾ ಬಿಟ್ಟೆ" ಅಂದಳು. ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿದಿದ್ದಳು. ಆದರೆ ಅವಳ ಪರ್ಸಿನಲ್ಲಿ, ಲೋಕಲ್ ರೈಲಿನ ಪಾಸಿನ ಹಿಂದೆ, ಮಂಡಿನೋವಿನ ಗುಳಿಗೆಯ ಅರ್ಧ ಸ್ಟ್ರಿಪ್ ಹಾಗೇ ಇತ್ತು.

ಆಗಿದ್ದು ಇಷ್ಟು. ಜುಲೈ ತಿಂಗಳ ಒಂದು ರಾತ್ರಿ ಟೊಮೆಟೊ ಸಾರು ಊಟ ಮಾಡಿ, ಮೆಡಿಕಲ್‌ನಿಂದ ತಂದ ಆ ಗುಳಿಗೆ ನುಂಗಿ ಮಲಗಿದ್ದಳು. ಒಂದು ಗಂಟೆಯೊಳಗೆ ಮೂಗು ಕಟ್ಟಿತು, ಕಣ್ಣು ಕೆಂಪಾಯಿತು, ಎದೆಯಲ್ಲಿ ಸುಯ್ ಸುಯ್ ಶುರುವಾಯಿತು. ಆಸ್ತಮಾಕ್ಕೆಂದು ಇಟ್ಟುಕೊಂಡ ಪಂಪ್ ತೆಗೆದುಕೊಂಡರೂ ಉಬ್ಬಸ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದರು. ಅಲ್ಲಿ ಯಾರೋ 'ಸ್ಯಾಲಿಸಿಲೇಟ್' ಅನ್ನುವ ಮಾತಾಡಿದ್ದು ಇವಳ ಕಿವಿಗೆ ಬಿತ್ತು. ಮನೆಗೆ ಬಂದು ಫೋನಿನಲ್ಲಿ ಹುಡುಕಿಸಿದಳು. ಉದ್ದನೆಯ ಆಹಾರದ ಪಟ್ಟಿ ಸಿಕ್ಕಿತು. ತಪ್ಪೆಲ್ಲ ಸಾರಿನ ತಲೆಗೆ ಬಂತು.

ಈ ಗೊಂದಲ ಅವಳೊಬ್ಬಳದಲ್ಲ. ಊಟದ ಸ್ಯಾಲಿಸಿಲೇಟ್ ಮತ್ತು ಔಷಧಿಯ ಸ್ಯಾಲಿಸಿಲೇಟ್ ಎರಡಕ್ಕೂ ಹೆಸರು ಒಂದೇ. ಮೈಯೊಳಗೆ ಹೋದ ಮೇಲೆ ಅವು ಮಾಡುವ ಕೆಲಸ ಬೇರೆ ಬೇರೆ. ಇದು ಗೊತ್ತಿಲ್ಲದೆ ಜನ ಊಟಕ್ಕೆ ಹೆದರುತ್ತಾರೆ, ಗುಳಿಗೆಯನ್ನು ಸುಮ್ನೆ ನುಂಗುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೇ.

ಸ್ಯಾಲಿಸಿಲೇಟ್ ಅಂದರೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಅದರ ಬಳಗ. ಈ ಆಮ್ಲ ಗಿಡಗಳು ತಮಗಾಗಿ ಮಾಡಿಕೊಳ್ಳುವ ವಸ್ತು. ಎಲೆಗೆ ರೋಗಾಣು ತಗುಲಿದರೆ ಗಿಡ ಇದನ್ನು ಜಾಸ್ತಿ ಮಾಡಿ ಉಳಿದ ಭಾಗಗಳನ್ನು ಎಚ್ಚರಿಸುತ್ತದೆ. ಹೆಸರು ಬಂದದ್ದು ವಿಲೋ ಮರದಿಂದ. ಕ್ರಿಕೆಟ್ ಬ್ಯಾಟ್ ಮಾಡುತ್ತಾರಲ್ಲ, ಅದೇ ಜಾತಿ. ಲ್ಯಾಟಿನ್‌ನಲ್ಲಿ ಅದು ಸೇಲಿಕ್ಸ್. ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ವಿಲೋ ತೊಗಟೆಯ ಪುಡಿ ಜ್ವರ ಇಳಿಸುತ್ತದೆ ಎಂದು 1763ರಲ್ಲಿ ರಾಯಲ್ ಸೊಸೈಟಿಗೆ ಕಾಗದ ಬರೆದ. ಮುಂದೆ ಸ್ಯಾಲಿಸಿಲಿಕ್ ಆಮ್ಲವೇ ಔಷಧಿಯಾಯಿತು, ಆದರೆ ಹೊಟ್ಟೆಯನ್ನು ಸುಡುತ್ತಿತ್ತು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಅದಕ್ಕೆ ಅಸಿಟೈಲ್ ಎಂಬ ಸಣ್ಣ ತುಣುಕೊಂದನ್ನು ಅಂಟಿಸಿದರು. 1899ರಲ್ಲಿ ಅದು ಆಸ್ಪಿರಿನ್ ಹೆಸರಲ್ಲಿ ಮಾರುಕಟ್ಟೆಗೆ ಬಂತು.

ಇಡೀ ಕಥೆ ಆ ಸಣ್ಣ ತುಣುಕಿನಲ್ಲಿದೆ. ನಮ್ಮ ಮೈಯಲ್ಲಿ ಕಾಕ್ಸ್ ಎಂಬ ಕಿಣ್ವ (ಎನ್‌ಜೈಮ್) ಇದೆ. ಆಸ್ಪಿರಿನ್ ಹೋಗಿ ತನ್ನ ಅಸಿಟೈಲ್ ತುಣುಕನ್ನು ಈ ಕಿಣ್ವಕ್ಕೆ ಅಂಟಿಸಿ ಬಿಡುತ್ತದೆ. ಕಿಣ್ವದ ಕೆಲಸ ಅಲ್ಲಿಗೆ ನಿಂತಿತು. ನೋವು, ಊತಕ್ಕೆ ಕಾರಣವಾಗುವ ಪ್ರೋಸ್ಟಗ್ಲಾಂಡಿನ್‌ಗಳು ತಯಾರಾಗುವುದಿಲ್ಲ. ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ನೊಬೆಲ್ ಹಂಚಿಕೊಂಡರು.

ಹಾಗಾದರೆ ಕೆಲವರಿಗೆ ಉಬ್ಬಸ ಏಕೆ? ಮುಂಬೈಯವರಿಗೆ ಇದನ್ನು ಹೇಳುವುದು ಸುಲಭ. ಭಾನುವಾರ ಲೋಕಲ್ ರೈಲಿನ ಹಳಿ ರಿಪೇರಿಗೆ ಮೆಗಾಬ್ಲಾಕ್ ಇರುತ್ತದಲ್ವಾ? ಸ್ಲೋ ಲೈನ್ ಮುಚ್ಚಿದರೆ ಅಲ್ಲಿಯ ಗಾಡಿಗಳೆಲ್ಲ ಫಾಸ್ಟ್ ಲೈನಿಗೆ ಬರುತ್ತವೆ. ಕಾಕ್ಸ್ ಬಳಸುವ ಕಚ್ಚಾ ಸರಕಿಗೂ ಎರಡು ಲೈನ್ ಇದೆ. ಒಂದರಲ್ಲಿ ಪ್ರೋಸ್ಟಗ್ಲಾಂಡಿನ್, ಇನ್ನೊಂದರಲ್ಲಿ ಲ್ಯೂಕೋಟ್ರೈನ್. ಈ ಲ್ಯೂಕೋಟ್ರೈನ್ ಶ್ವಾಸನಾಳವನ್ನು ಹಿಂಡುತ್ತದೆ, ಮೂಗಿನಲ್ಲಿ ನೀರು ಬರಿಸುತ್ತದೆ. ಪ್ರೋಸ್ಟಗ್ಲಾಂಡಿನ್‌ಗಳಲ್ಲಿ ಒಂದು ಬಗೆ ಇದಕ್ಕೆ ಬ್ರೇಕ್ ಹಾಕಿಕೊಂಡಿರುತ್ತದೆ. ಗುಳಿಗೆ ಮೊದಲ ಲೈನ್ ಮುಚ್ಚಿದಾಗ ಆ ಬ್ರೇಕ್ ಹೋಗುತ್ತದೆ. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಆಸ್ತಮಾ, ಮೂಗಿನಲ್ಲಿ ದುರ್ಮಾಂಸ, ನೋವಿನ ಗುಳಿಗೆ ಆಗದಿರುವುದು, ಈ ಮೂರೂ ಕೂಡಿರುವ ಜನ ಇದ್ದಾರೆ. ವೈದ್ಯರು ಇದನ್ನು ಸ್ಯಾಮ್ಟರ್ಸ್ ಟ್ರಯಡ್ ಅನ್ನುತ್ತಾರೆ. ಆಸ್ತಮಾ ಇರುವ ದೊಡ್ಡವರಲ್ಲಿ ಸುಮಾರು ಶೇಕಡಾ 7 ಮಂದಿಗೆ ಇದು ಇರುತ್ತದೆ. ಚಿಕ್ಕಮ್ಮನಿಗೆ ಎರಡು ಸಲ ದುರ್ಮಾಂಸ ತೆಗೆಸಿದರೂ ಮತ್ತೆ ಬೆಳೆದಿತ್ತು. ಹಲವು ವರ್ಷಗಳಿಂದ ಮಲ್ಲಿಗೆಯ ಪರಿಮಳವೂ ಅವಳಿಗೆ ತಿಳಿಯುತ್ತಿರಲಿಲ್ಲ. ಆಸ್ತಮಾ, ದುರ್ಮಾಂಸ, ಗುಳಿಗೆ, ಈ ಮೂರನ್ನೂ ಯಾರೂ ಒಂದೇ ದಾರದಲ್ಲಿ ಪೋಣಿಸಿ ನೋಡಿರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಕಾಕ್ಸ್‌ಗೆ ಅಡ್ಡಿ ಮಾಡುವುದು ಆಸ್ಪಿರಿನ್ ಒಂದೇ ಅಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಕೂಡ ಅದೇ ಕೆಲಸ ಮಾಡುತ್ತವೆ. ಅವುಗಳಲ್ಲಿ ಸ್ಯಾಲಿಸಿಲೇಟ್ ಇಲ್ಲವೇ ಇಲ್ಲ! ತೊಂದರೆ ಬರುವುದು ಸ್ಯಾಲಿಸಿಲೇಟ್ ಅನ್ನುವ ಹೆಸರಿನಿಂದಲ್ಲ, ಕಿಣ್ವವನ್ನು ತಡೆಯುವುದರಿಂದ. ಹಾಗಾಗಿಯೇ ಇದು ಶೇಂಗಾ, ಸಿಗಡಿಯ ಅಲರ್ಜಿಯಂಥದ್ದೂ ಅಲ್ಲ. ಇದನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆಯೂ ಇಲ್ಲ, ಚರ್ಮದ ಪರೀಕ್ಷೆಯೂ ಇಲ್ಲ. ಹಿಂದಿನ ಅನುಭವ ಕೇಳಿ, ಬೇಕಾದರೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಸ್ವಲ್ಪ ಸ್ವಲ್ಪ ಔಷಧಿ ಕೊಟ್ಟು ನೋಡುತ್ತಾರೆ. ಮನೆಯಲ್ಲಿ ಈ ಪ್ರಯೋಗ ಖಂಡಿತ ಬೇಡ.

ಈಗ ಊಟಕ್ಕೆ ಬರೋಣ. 1985ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 333 ಬಗೆಯ ಆಹಾರಗಳಲ್ಲಿ ಸ್ಯಾಲಿಸಿಲೇಟ್ ಎಷ್ಟಿದೆ ಎಂದು ಅಳೆದರು. ಇವತ್ತಿಗೂ ಓಡಾಡುವ ಎಷ್ಟೋ ಪಟ್ಟಿಗಳ ಬೇರು ಅಲ್ಲಿದೆ. ಅಕ್ಕಿ, ಹಾಲು, ಮೊಟ್ಟೆ, ಎಲೆಕೋಸು ಕೆಳಗಿನ ಸಾಲಿನಲ್ಲಿ ಬಂದವು. ಮೇಲಿನ ಸಾಲಿನಲ್ಲಿ ಮಸಾಲೆಗಳು. ಜೀರಿಗೆ ಪುಡಿ 100 ಗ್ರಾಂಗೆ 45 ಮಿಲಿಗ್ರಾಂ, ಕರಿ ಪೌಡರ್ ಎಂಬ ಮಿಶ್ರ ಮಸಾಲೆಪುಡಿ 218. ನೋಡಿದರೆ ಗಾಬರಿಯಾಗುತ್ತದೆ. ಆದರೆ ಜೀರಿಗೆಯನ್ನು ಯಾರು 100 ಗ್ರಾಂ ತಿನ್ನುತ್ತಾರೆ? ಒಂದು ಚಮಚ ಜೀರಿಗೆ ಎರಡು ಮೂರು ಗ್ರಾಂ. ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ.

ಅಂಕಿಗಳೂ ಎಲ್ಲ ಕಡೆ ಒಂದೇ ಇಲ್ಲ. 2006ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ನಮ್ಮ ಮಸಾಲೆಗಳನ್ನೇ ಬೇರೆ ವಿಧಾನದಲ್ಲಿ ಅಳೆದಾಗ ಕೆಲವುಗಳಲ್ಲಿ ತೂಕದ ಶೇಕಡಾ 1.5ರವರೆಗೂ ಸಿಕ್ಕಿತು. ಅಂದರೆ ಹಳೆಯ ಪಟ್ಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಗೋವೆಯಿಂದ ಹೊರಟು ಬ್ರಿಟನ್ ಸೇರಿದ ವಿಂದಾಲೂ ಇದೆಯಲ್ಲ, ಅದರ ತರಕಾರಿ ರೂಪದ ಒಂದು ಊಟದಲ್ಲಿ ಅವರಿಗೆ ಸಿಕ್ಕಿದ್ದು 94 ಮಿಲಿಗ್ರಾಂ. ಹೃದಯದ ರೋಗಿಗಳು ದಿನಾ ನುಂಗುವ ಸಣ್ಣ ಆಸ್ಪಿರಿನ್ 75 ಮಿಲಿಗ್ರಾಂ. ದಕ್ಷಿಣ ಭಾರತದ ಹಳ್ಳಿಯವರ ರಕ್ತದಲ್ಲೂ ಪಶ್ಚಿಮದವರಿಗಿಂತ ಸ್ಯಾಲಿಸಿಲಿಕ್ ಆಮ್ಲ ಜಾಸ್ತಿ ಇತ್ತು.

ಹಾಗಿದ್ದರೆ ನಮ್ಮ ಸಾರು, ಹುಳಿ, ಗಸಿ ಎಲ್ಲ ಗುಳಿಗೆಯಷ್ಟೇ ಅಪಾಯವೇ? ಅಲ್ಲ. ಊಟದಲ್ಲಿರುವ ಸ್ಯಾಲಿಸಿಲೇಟ್‌ಗೆ ಆ ಅಸಿಟೈಲ್ ತುಣುಕು ಇರುವುದಿಲ್ಲ. ಕಾಕ್ಸ್ ಕಿಣ್ವದ ಮೇಲೆ ಅದರ ಹಿಡಿತ ತೀರಾ ದುರ್ಬಲ. ಆಸ್ಪಿರಿನ್ ಆಗದ ಬಹುತೇಕರು ಜೀರಿಗೆ, ಅರಿಶಿನ ತಿಂದು ಆರಾಮಾಗಿ ಇರುತ್ತಾರೆ.

ಹಾಗಂತ ಊಟದಿಂದ ತೊಂದರೆಯಾಗುತ್ತದೆ ಅನ್ನುವವರೆಲ್ಲ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳಲಾರೆ. ಸ್ಯಾಮ್ಟರ್ಸ್ ಟ್ರಯಡ್ ಇರುವ ಕೆಲವರಿಗೆ ಸ್ಯಾಲಿಸಿಲೇಟ್ ಕಡಿಮೆ ಇರುವ ಊಟ ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ಮೂಗು ಕಟ್ಟುವುದು ಕಡಿಮೆಯಾದದ್ದು ಕಂಡಿದೆ. ಮತ್ತೆ ಮತ್ತೆ ಪಿತ್ತದ ಗಂದೆ ಏಳುವ ಕೆಲವರೂ ಹೀಗೇ ಹೇಳುತ್ತಾರೆ. ಅನುಮಾನ ಬಲವಾಗಿದ್ದರೆ ದಾರಿ ಇದೆ. ಡಯಟೀಶಿಯನ್ ಜೊತೆ ಕೂತು ಎರಡರಿಂದ ನಾಲ್ಕು ವಾರ ಮಾತ್ರ ಅಂಥ ಆಹಾರ ಕಡಿಮೆ ಮಾಡುವುದು. ಆಮೇಲೆ ಒಂದೊಂದನ್ನೇ ವಾಪಸ್ ತಂದು, ದಿನವೂ ಬರೆದಿಡುವುದು. ಬಿಡುವುದಕ್ಕಿಂತ ವಾಪಸ್ ತರುವುದೇ ಇಲ್ಲಿ ಮುಖ್ಯ. ಚಿಕ್ಕಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹಣ್ಣು, ತರಕಾರಿ ತಿಂಗಳುಗಟ್ಟಲೆ ಬಿಟ್ಟರೆ ಮೈ ಸೊರಗದೆ ಏನಾಗುತ್ತದೆ? ಬೆಳೆಯುವ ಮಕ್ಕಳಿಗಂತೂ ತಾವೇ ಇಂಥ ಪಥ್ಯ ಮಾಡಿಸಬಾರದು.

ಕಟ್ಟುನಿಟ್ಟು ಬೇಕಾಗಿರುವುದು ಔಷಧಿಯಲ್ಲಿ. ಡಿಸ್ಪ್ರಿನ್, ಇಕೋಸ್ಪ್ರಿನ್‌ನಲ್ಲಿ ಆಸ್ಪಿರಿನ್ ಇದೆ. ಬ್ರೂಫೆನ್, ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್. ಸ್ಟ್ರಿಪ್ಪಿನ ದೊಡ್ಡ ಹೆಸರು ನೋಡಿದರೆ ಸಾಲದು, ಅದರ ಕೆಳಗಿನ ಇರುವೆ ಸಾಲಿನಂಥ ಅಕ್ಷರ ಓದಬೇಕು. ಕಣ್ಣಿಗೆ ಕಾಣದಿದ್ದರೆ ಮೆಡಿಕಲ್‌ನವರ ಹತ್ತಿರ ಓದಿಸಬೇಕು, ಅದಕ್ಕೆ ನಾಚಿಕೆ ಬೇಡ. ಬಾಯಿಹುಣ್ಣಿಗೆ ಹಚ್ಚುವ ಹಲವು ಜೆಲ್‌ಗಳಲ್ಲಿ ಕೋಲಿನ್ ಸ್ಯಾಲಿಸಿಲೇಟ್ ಇರುತ್ತದೆ. ನೋವಿನ ಮುಲಾಮುಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ, ಕೆಲವು ಡಬ್ಬಿಗಳ ಮೇಲೆ ಅದು 'ಗಂಧಪುರ ತೈಲ' ಅಂತ ಬರೆದಿರುತ್ತದೆ. ಈ ಎಣ್ಣೆಯ ಬಗ್ಗೆ ಎಲ್ಲ ಮನೆಯವರಿಗೂ ಒಂದು ಎಚ್ಚರಿಕೆ ಹೇಳಬೇಕು. ಶುದ್ಧ ಎಣ್ಣೆಯ ಒಂದು ಚಮಚದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಆಸ್ಪಿರಿನ್ ಗುಳಿಗೆಯಷ್ಟು ಸ್ಯಾಲಿಸಿಲೇಟ್ ಇರುತ್ತದೆ. ಮಗು ಕುಡಿದರೆ ಪ್ರಾಣಕ್ಕೇ ಕುತ್ತು. ಕೈಗೆಟುಕದ ಕಡೆ ಇಡಿ.

ಜ್ವರ, ನೋವಿಗೆ ಹಾಗಾದರೆ ಏನು? 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇಂಥವರಲ್ಲಿ ಹೆಚ್ಚಿನವರಿಗೆ ಆಗುತ್ತದೆ. ಒಂದೇ ಸಲ 1000 ತೆಗೆದುಕೊಂಡರೆ ಕೆಲವರಿಗೆ ತೊಂದರೆ ಬರಬಹುದು. ಕಾಕ್ಸ್‌ನಲ್ಲಿ ಎರಡು ಬಗೆ ಇವೆ; ಹೆಚ್ಚಾಗಿ ಎರಡನೆಯದನ್ನೇ ತಡೆಯುವ ಸೆಲಿಕಾಕ್ಸಿಬ್‌ನಂಥ ಗುಳಿಗೆಗಳೂ ಸಾಮಾನ್ಯವಾಗಿ ಒಗ್ಗುತ್ತವೆ. ಮೊದಲ ಗುಳಿಗೆಯನ್ನು ಡಾಕ್ಟರ ಎದುರಿನಲ್ಲೇ ತೆಗೆದುಕೊಳ್ಳುವುದು ಒಳ್ಳೆಯದು. ಮಳೆಗಾಲದ ಮುಂಬೈಯಲ್ಲಿ ಡೆಂಗಿಯ ಭಯವೂ ಇದೆ. ಡೆಂಗಿ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಯಾರಿಗೂ ಬೇಡ, ರಕ್ತಸ್ರಾವ ಹೆಚ್ಚಬಹುದು. ಹೃದಯಕ್ಕಾಗಿ ಆಸ್ಪಿರಿನ್ ತಿನ್ನುವವರು ಮಾತ್ರ ಇದನ್ನೋದಿ ತಾವೇ ನಿಲ್ಲಿಸಬೇಡಿ. ಆಸ್ಪಿರಿನ್ ಬೇಕೇ ಬೇಕು, ಆದರೆ ಮೈಗೆ ಆಗುವುದಿಲ್ಲ ಅನ್ನುವವರಿಗೂ ಆಸ್ಪತ್ರೆಯಲ್ಲಿ ಚೂರುಚೂರೇ ಏರಿಸಿ ಒಗ್ಗಿಸುವ ಚಿಕಿತ್ಸೆ ಇದೆ. ಅದರಿಂದ ಕೆಲವರ ದುರ್ಮಾಂಸ ಮತ್ತೆ ಬೆಳೆಯುವುದೂ ನಿಧಾನವಾಗುತ್ತದೆ.

ಚಿಕ್ಕಮ್ಮನನ್ನು ಠಾಣೆಯ ಒಬ್ಬ ಎದೆರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪಟ್ಟಿಯನ್ನು ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಪ್ರಶ್ನೆ. "ಐವತ್ತು ವರ್ಷ ಜೀರಿಗೆ ತಿಂದಿದ್ದೀರಿ. ತಿಂದು ಯಾವತ್ತಾದರೂ ಹೀಗೆ ಉಬ್ಬಸ ಬಂದಿತ್ತಾ?" ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಉತ್ತರದ ಬದಲು ಪರ್ಸ್ ತೆಗೆದು, ಪಾಸಿನ ಹಿಂದಿನ ಸ್ಟ್ರಿಪ್ಪನ್ನು ಅವರ ಮೇಜಿನ ಮೇಲಿಟ್ಟಳು.

ಆ ಜಾಗದಲ್ಲಿ ಈಗ ಒಂದು ಚೀಟಿ ಇದೆ. ಯಾವ ಔಷಧಿ ಆಗುವುದಿಲ್ಲ ಅನ್ನುವುದನ್ನು ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಬರೆಸಿದ್ದೇವೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ತೋರಿಸುತ್ತಾಳೆ. ಒಗ್ಗರಣೆ ಡಬ್ಬಿ ಅಟ್ಟದಿಂದ ಇಳಿದಿದೆ. ಒಣದ್ರಾಕ್ಷಿ ಜಾಸ್ತಿ ತಿಂದರೆ ಮೂಗು ಕಟ್ಟುತ್ತದೆ ಅನ್ನುವ ಅನುಮಾನ ಮಾತ್ರ ಅವಳಿಗೆ ಹೋಗಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ, ತಿಂದ ದಿನ ಒಂದು ಚುಕ್ಕೆ, ಮೂಗು ಕಟ್ಟಿದ ದಿನ ಒಂದು ಗೀಟು ಹಾಕುತ್ತಿದ್ದಾಳೆ.